ಅರ್ಜಿಯಿಂದ ಅಳಿಸಿದ ಪ್ರಶ್ನೆಗಳು

ನಮ್ಮ ಕಡೆ ಬಸ್ಸಿನಲ್ಲಿ ಪಕ್ಕದ ಸೀಟಿಗೆ ಯಾರಾದರೂ ಬಂದು ಕೂತರೆ ಸ್ವಲ್ಪ ಹೊತ್ತಿನಲ್ಲೇ ಊರು, ಮನೆ, ಮದುವೆ, ಮಕ್ಕಳು ಎಲ್ಲದರ ವಿಚಾರಣೆ ಆಗಿಬಿಡುತ್ತದೆ. ನನಗೆ ಅದರಲ್ಲಿ ಬೇಸರವಿಲ್ಲ. ಅವರು ಕೇಳಿದ್ದನ್ನು ನಾನೂ ತಿರುಗಿ ಕೇಳಬಹುದು. ಮಾತು ಬೇಡ ಅನ್ನಿಸಿದರೆ ಕಿಟಕಿ ಕಡೆ ತಿರುಗಿ ಕೂರಬಹುದು. ಇಂಟರ್‌ವ್ಯೂನಲ್ಲಿ ಇವೆರಡೂ ಆಗುವುದಿಲ್ಲ. ಮೇಜಿನ ಆಚೆ ಕೂತವರು "ಮದುವೆ ಆಗಿದೆಯಾ?" ಅಂದಾಗ "ನಿಮಗೆ ಆಗಿದೆಯಾ ಸರ್?" ಅಂತ ಕೇಳುವ ಧೈರ್ಯ ಯಾರಿಗೂ ಇರುವುದಿಲ್ಲ. ಕೆಲಸ ಬೇಕಾಗಿರುವುದು ನಮಗೆ. ಹಾಗಾಗಿ ಉತ್ತರ ಕೊಡುತ್ತೇವೆ.

ನಾನು ಬೆಂಗಳೂರಿನಲ್ಲಿ ಅಕೌಂಟ್ಸ್ ಕೆಲಸ ಮಾಡುವವಳು. ಬಿ.ಕಾಂ. ಮುಗಿಸಿ ಕೆಲಸ ಹುಡುಕುವಾಗ "ಮನೆಯಲ್ಲಿ ಗಂಡು ನೋಡ್ತಿದ್ದಾರಾ?" ಅಂತ ಕೇಳುತ್ತಿದ್ದರು. ಮದುವೆ ಆದ ಮೇಲೆ "ಮಕ್ಕಳ ಬಗ್ಗೆ ಏನು ಯೋಚನೆ ಮಾಡಿದ್ದೀರಿ?" ಅಂತ ಶುರುವಾಯಿತು. ಮಗಳು ಹುಟ್ಟಿದ ಮೇಲೆ "ಮಗುನ ಯಾರು ನೋಡ್ಕೊಳ್ತಾರೆ? ಅತ್ತೆ ಜೊತೆಗಿದ್ದಾರಾ?" ಅದೇ ವರ್ಷಗಳಲ್ಲಿ ನನ್ನ ಗಂಡನೂ ಕೆಲಸ ಬದಲಿಸಿದರು. ಅವಳು ಅವರಿಗೂ ಮಗಳೇ. ಅವಳನ್ನು ಯಾರು ನೋಡಿಕೊಳ್ಳುತ್ತಾರೆ ಅಂತ ಅವರನ್ನು ಯಾರೂ ಕೇಳಲಿಲ್ಲ. ಒಂದು ಕಂಪನಿಯಲ್ಲಿ ಟ್ಯಾಲಿ, ಜಿಎಸ್‌ಟಿ ರಿಟರ್ನ್ಸ್ ಎಲ್ಲ ವಿವರವಾಗಿ ಕೇಳಿ ತಲೆ ಆಡಿಸುತ್ತಿದ್ದವರು, ಮಗು ಇನ್ನೂ ಚಿಕ್ಕದು ಅಂದ ಕೂಡಲೇ ಫೈಲ್ ಮುಚ್ಚಿದರು. "ತಿಳಿಸ್ತೀವಿ ಮೇಡಂ" ಅಂದರು. ತಿಳಿಸಲಿಲ್ಲ. ಮಗುವೇ ಕಾರಣ ಅಂತ ನಾನು ಸಾಬೀತು ಮಾಡಲಾರೆ. ನನ್ನನ್ನು ಜಾಸ್ತಿ ಕಾಡುವುದು ಇದೇ. ಈ ಪ್ರಶ್ನೆಗಳು ಯಾರೂ ಏನೂ ಸಾಬೀತು ಮಾಡಲಾಗದ ಜಾಗದಲ್ಲಿ ಹೋಗಿ ಕೂತಿವೆ.

ಒಂದು ಕಾಲದಲ್ಲಿ ಇವು ಕಾಗದದ ಮೇಲೇ ಇದ್ದವು. ನಿಯಮದ ಪುಸ್ತಕದಲ್ಲಿ, ಅರ್ಜಿಯ ಕಾಲಂನಲ್ಲಿ ಅಚ್ಚಾಗಿದ್ದವು.

ಕೊಡಗಿನ ವಿರಾಜಪೇಟೆಯ ಸಿ.ಬಿ. ಮುತ್ತಮ್ಮ 1949ರಲ್ಲಿ ವಿದೇಶಾಂಗ ಸೇವೆಗೆ ಸೇರಿದರು. ಆ ಸೇವೆಗೆ ಬಂದ ಮೊದಲ ಮಹಿಳೆ ಅವರು. ಇಂಟರ್‌ವ್ಯೂನಲ್ಲಿ ಕೇಂದ್ರ ಲೋಕಸೇವಾ ಆಯೋಗದ ಅಧ್ಯಕ್ಷರೇ ತಮ್ಮ ಮನಸ್ಸು ಬದಲಿಸಲು ನೋಡಿದರು, ಆಮೇಲೆ ಮೌಖಿಕ ಪರೀಕ್ಷೆಯಲ್ಲಿ ತೀರಾ ಕಡಿಮೆ ಅಂಕ ಬರುವಂತೆ ಮಾಡಿದರು ಎಂದು ತಮಗೆ ತಿಳಿಯಿತು ಅಂತ ಮುತ್ತಮ್ಮ ಮುಂದೆ ಸುಪ್ರೀಂ ಕೋರ್ಟಿಗೆ ಕೊಟ್ಟ ಅರ್ಜಿಯಲ್ಲಿ ಬರೆದರು. ಸೇರುವಾಗ ಇನ್ನೊಂದು ಮುಚ್ಚಳಿಕೆ ಬೇರೆ ಬರೆದುಕೊಡಬೇಕಾಯಿತಂತೆ: ಮದುವೆಯಾದರೆ ರಾಜೀನಾಮೆ ಕೊಡುತ್ತೇನೆ ಎಂದು. ಆ ಸೇವೆಯ 1961ರ ನಿಯಮಗಳಲ್ಲಿ ಇಂಥದ್ದು ಸ್ಪಷ್ಟವಾಗಿಯೇ ಇತ್ತು. ಮಹಿಳಾ ಅಧಿಕಾರಿ ಮದುವೆಗೆ ಮುಂಚೆ ಸರ್ಕಾರದಿಂದ ಲಿಖಿತ ಅನುಮತಿ ತೆಗೆದುಕೊಳ್ಳಬೇಕು. ಮದುವೆಯ ನಂತರ ಸಂಸಾರದ ಜವಾಬ್ದಾರಿ ಕೆಲಸಕ್ಕೆ ಅಡ್ಡಿಯಾಗುತ್ತದೆ ಎಂದು ಸರ್ಕಾರಕ್ಕೆ ಅನ್ನಿಸಿದರೆ ರಾಜೀನಾಮೆ ಕೇಳಬಹುದು. ಮದುವೆಯಾದ ಹೆಂಗಸಿಗೆ ಈ ಸೇವೆಗೆ ನೇಮಕವಾಗುವ ಹಕ್ಕೇ ಇಲ್ಲ.

ಬಡ್ತಿ ತಪ್ಪಿಸಿದಾಗ ಮುತ್ತಮ್ಮ ಕೋರ್ಟಿಗೆ ಹೋದರು. ತಾವೇ ಸೇವೆಯಲ್ಲಿರುವಾಗ, ತಮ್ಮದೇ ಸರ್ಕಾರದ ಮೇಲೆ. ಕೇಸು ನಡೆಯುತ್ತಿರುವಾಗಲೇ ಅವರಿಗೆ ಬಡ್ತಿ ಸಿಕ್ಕಿತು. ಆ ನಿಯಮಗಳನ್ನು ಕೈಬಿಡುತ್ತಿರುವುದಾಗಿಯೂ ಸರ್ಕಾರ ಹೇಳಿಕೊಂಡಿತು. 1979ರ ಸೆಪ್ಟೆಂಬರ್‌ನಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅರ್ಜಿಯನ್ನು ಮುಗಿಸಿದರೂ ನಿಯಮಗಳನ್ನು ಸುಮ್ಮನೆ ಬಿಡಲಿಲ್ಲ. ಸಂಸಾರದ ತಾಪತ್ರಯ ಕೆಲಸಕ್ಕೆ ಅಡ್ಡಿ ಅನ್ನುವುದಾದರೆ ಗಂಡಸಿಗೂ ಅದೇ ಆಗಬಹುದಲ್ಲ, ಹೆಂಗಸಿಗೆ ಮಾತ್ರ ಯಾಕೆ ಅನುಮತಿ ಬೇಕು ಅಂತ ಕೇಳಿದರು. ನನ್ನ ಮಗಳ ಬಗ್ಗೆ ನನ್ನ ಗಂಡನಿಗೆ ಯಾರೂ ಕೇಳದ ಪ್ರಶ್ನೆ ಇದೆಯಲ್ಲ, ಅದನ್ನೇ ಒಬ್ಬ ನ್ಯಾಯಾಧೀಶರು ಅಷ್ಟು ವರ್ಷ ಹಿಂದೆ ಕೇಳಿಬಿಟ್ಟಿದ್ದರು.

ಎರಡು ವರ್ಷದ ನಂತರ ಏರ್ ಇಂಡಿಯಾ ಗಗನಸಖಿಯರ ಪ್ರಕರಣ ಬಂತು. ಅವರ ನಿಯಮ ಹೀಗಿತ್ತು: 35ಕ್ಕೆ ನಿವೃತ್ತಿ, ಸೇರಿ ನಾಲ್ಕು ವರ್ಷದೊಳಗೆ ಮದುವೆಯಾದರೆ ಕೆಲಸ ಹೋಯಿತು, ಮೊದಲ ಸಲ ಗರ್ಭಿಣಿಯಾದರೂ ಕೆಲಸ ಹೋಯಿತು. 1981ರಲ್ಲಿ ಸುಪ್ರೀಂ ಕೋರ್ಟ್ ಗರ್ಭಿಣಿಯಾದರೆ ತೆಗೆಯುವ ನಿಯಮವನ್ನು ಕಟುವಾಗಿ ಖಂಡಿಸಿ ರದ್ದು ಮಾಡಿತು. ಆದರೆ ನಾಲ್ಕು ವರ್ಷ ಮದುವೆಯಾಗಬಾರದು ಅನ್ನುವುದನ್ನು ಎತ್ತಿಹಿಡಿಯಿತು. ಹುಡುಗಿಯರ ಆರೋಗ್ಯಕ್ಕೂ ಕುಟುಂಬ ಯೋಜನೆಗೂ ಅದು ಒಳ್ಳೆಯದು ಅನ್ನುವ ಅರ್ಥದ ಸಮರ್ಥನೆ ತೀರ್ಪಿನಲ್ಲಿದೆ. ಓದಿದಾಗ ನನಗೆ ಸಂಕಟವಾಯಿತು. ಒಬ್ಬಳು ಯಾವಾಗ ಮದುವೆಯಾಗಬೇಕು ಎಂದು ಅವಳ ಕಂಪನಿ ಹೇಳುವುದು ದೊಡ್ಡ ಕೋರ್ಟಿಗೂ ಸರಿ ಅನ್ನಿಸಿತ್ತು.

ಇನ್ನೊಂದು ಪ್ರಕರಣವನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಎಲ್‌ಐಸಿಯಲ್ಲಿ ಕೆಲಸಕ್ಕೆ ಸೇರುವ ಹೆಂಗಸರು ಒಂದು ಘೋಷಣಾ ಪತ್ರ ತುಂಬಬೇಕಿತ್ತು. ಮದುವೆ ಆಗಿದೆಯಾ, ಮಕ್ಕಳೆಷ್ಟು ಅನ್ನುವುದು ಇರಲಿ. ಮುಟ್ಟು ಸರಿಯಾಗಿ ಆಗುತ್ತದಾ, ನೋವಿರುತ್ತದಾ, ಕೊನೆಯ ಸಲ ಆದ ತಾರೀಖು ಯಾವುದು, ಈಗ ಗರ್ಭಿಣಿಯಾ, ಗರ್ಭಪಾತ ಆಗಿತ್ತಾ... ಇಷ್ಟೂ ಅದರಲ್ಲಿದ್ದವು. ನೀರಾ ಮಾಥುರ್ ಎಂಬವರು ಸೇರಿದ ಕೆಲವೇ ತಿಂಗಳಲ್ಲಿ ಹೆರಿಗೆ ರಜೆ ಹಾಕಿದರು. ಪ್ರೊಬೇಷನ್ ಇನ್ನೂ ಮುಗಿದಿರಲಿಲ್ಲ. ಅವರನ್ನು ಕೆಲಸದಿಂದ ತೆಗೆದರು. ಕೋರ್ಟಿನಲ್ಲಿ ಸಂಸ್ಥೆ ಕೊಟ್ಟ ಸಮರ್ಥನೆ, ಆಕೆ ಮುಟ್ಟಿನ ತಾರೀಖನ್ನು ತಪ್ಪಾಗಿ ಬರೆದಿದ್ದರು ಎಂದು. 1991ರ ಅಕ್ಟೋಬರ್‌ನಲ್ಲಿ ತೀರ್ಪು ಬಂತು. ಪೀಠದಲ್ಲಿದ್ದವರಲ್ಲಿ ಒಬ್ಬರು, ಹಿಂದೆ ನಮ್ಮ ಕರ್ನಾಟಕ ಹೈಕೋರ್ಟಿನಲ್ಲಿದ್ದ ನ್ಯಾಯಮೂರ್ತಿ ಕೆ. ಜಗನ್ನಾಥ ಶೆಟ್ಟಿ. ಇಂಥ ಪ್ರಶ್ನೆಗಳು ಹೆಣ್ಣುಮಕ್ಕಳಿಗೆ ಮುಜುಗರ, ಅವಮಾನ ತರುವಂಥವು, ಸ್ವಾಭಿಮಾನ ಇರುವ ಯಾರೇ ಆದರೂ ಇವಕ್ಕೆ ಉತ್ತರ ಬರೆಯಲು ಹಿಂಜರಿಯುತ್ತಾರೆ ಎಂದು ಕೋರ್ಟ್ ಹೇಳಿತು. ಆಕೆಯನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಿ, ಆ ಕಾಲಂಗಳನ್ನು ಪತ್ರದಿಂದ ಅಳಿಸಿ ಎಂದು ಆದೇಶಿಸಿತು.

ಈ ಆದೇಶದಲ್ಲಿ ನನಗೆ ತುಂಬಾ ಮುಖ್ಯ ಅನ್ನಿಸುವುದು ಒಂದು ವಿಷಯ. ಹೆಂಗಸರು ಆ ಪ್ರಶ್ನೆಗೆ ಹೇಗೆ ಉತ್ತರಿಸಬೇಕು ಎಂದು ಕೋರ್ಟ್ ಹೇಳಿಕೊಡಲಿಲ್ಲ. ಕೇಳುವುದನ್ನೇ ನಿಲ್ಲಿಸಿ ಅಂದಿತು.

ಮುತ್ತಮ್ಮನವರಿಗೆ, ಗಗನಸಖಿಯರಿಗೆ, ನೀರಾ ಮಾಥುರ್‌ಗೆ ಒಂದು ಅನುಕೂಲ ಇತ್ತು. ಅವರ ಕೈಯಲ್ಲಿ ಕಾಗದ ಇತ್ತು. ಇಂಥ ನಿಯಮ, ಇಂಥ ಕಾಲಂ ಎಂದು ನ್ಯಾಯಾಧೀಶರ ಮುಂದೆ ಇಡಬಹುದಿತ್ತು. ಈಗ ಹೆಚ್ಚಿನ ಕಡೆ ಅರ್ಜಿ ಚೆನ್ನಾಗಿಯೇ ಇರುತ್ತದೆ. ಕೆಳಗೆ "ನಾವು ಯಾವುದೇ ತಾರತಮ್ಯ ಮಾಡುವುದಿಲ್ಲ" ಎಂಬ ಸಾಲೂ ಇರುತ್ತದೆ. ಆದರೆ ಒಳಗೆ ಹೋಗಿ ಕೂತ ಮೇಲೆ ಅದೇ ಹಳೆಯ ಕಾಲಂಗಳನ್ನು ಬಾಯಲ್ಲಿ ಕೇಳುತ್ತಾರೆ. ಕಾಫಿ ಕೊಟ್ಟು, ನಗುನಗುತ್ತಾ, ಮಾತಿಗೆ ಮಾತು ಅನ್ನುವ ಹಾಗೆ. ಅದಕ್ಕೆ ದಾಖಲೆ ಇಲ್ಲ. ಯಾಕೆ ಆಯ್ಕೆ ಆಗಲಿಲ್ಲ ಅಂತ ಮರುದಿನ ಕೇಳಿದರೆ ಕಾರಣವೂ ಇಲ್ಲ.

ಕಾಗದದ ಮೇಲೆ ಇವು ಪೂರ್ತಿ ನಿಂತುಹೋಗಿವೆ ಅಂತಲೂ ಅಲ್ಲ. 2021ರ ಡಿಸೆಂಬರ್ 31ರಂದು ಸ್ಟೇಟ್ ಬ್ಯಾಂಕ್ ಹೊಸ ನೇಮಕಾತಿಯ ಬಗ್ಗೆ ಒಂದು ಸುತ್ತೋಲೆ ಹೊರಡಿಸಿತು. ಮೂರು ತಿಂಗಳು ದಾಟಿದ ಗರ್ಭಿಣಿಯರು 'ತಾತ್ಕಾಲಿಕವಾಗಿ ಅನರ್ಹರು', ಹೆರಿಗೆಯಾಗಿ ನಾಲ್ಕು ತಿಂಗಳೊಳಗೆ ಬಂದು ಸೇರಿಕೊಳ್ಳಬಹುದು ಎಂದು. ಅದಕ್ಕೆ ಮುಂಚೆ ಆರು ತಿಂಗಳವರೆಗಿನ ಗರ್ಭಿಣಿಯರು ಡಾಕ್ಟರ ಸರ್ಟಿಫಿಕೇಟ್ ಕೊಟ್ಟು ಸೇರಬಹುದಿತ್ತು. ಗಲಾಟೆ ಆಯಿತು, ದೆಹಲಿಯ ಮಹಿಳಾ ಆಯೋಗ ನೋಟಿಸ್ ಕೊಟ್ಟಿತು. 2022ರ ಜನವರಿ ಕೊನೆಯಲ್ಲಿ ಬ್ಯಾಂಕ್ ಅದನ್ನು ಕೈಬಿಟ್ಟಿತು. ಒಂದೇ ತಿಂಗಳಲ್ಲಿ. ಅದು ಬರಹದಲ್ಲಿ ಇದ್ದದ್ದಕ್ಕೆ ಅಷ್ಟು ಬೇಗ ಹೋಯಿತು ಅಂತ ನಾನು ನಂಬುತ್ತೇನೆ. 2024ರ ಜೂನ್‌ನಲ್ಲಿ ರಾಯಿಟರ್ಸ್ ಸುದ್ದಿಸಂಸ್ಥೆ ಚೆನ್ನೈ ಹತ್ತಿರದ ಶ್ರೀಪೆರಂಬದೂರಿನ ಫಾಕ್ಸ್‌ಕಾನ್ ಐಫೋನ್ ಕಾರ್ಖಾನೆಯ ಬಗ್ಗೆ ವರದಿ ಮಾಡಿತು. ಮದುವೆಯಾದ ಹೆಂಗಸರನ್ನು ಅಲ್ಲಿ ಜೋಡಣೆ ಕೆಲಸಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ ಎಂದು ವರದಿಯಲ್ಲಿತ್ತು. ಕಂಪನಿ ಆರೋಪವನ್ನು ಒಪ್ಪಲಿಲ್ಲ. ಕೇಂದ್ರ ಕಾರ್ಮಿಕ ಇಲಾಖೆ ತಮಿಳುನಾಡು ಸರ್ಕಾರದಿಂದ ವರದಿ ಕೇಳಿತು. ಆ ವರ್ಷದ ಕೊನೆಗೆ, ಜಾಹೀರಾತಿನಲ್ಲಿ ಮದುವೆ ವಿಚಾರ ಹಾಕಬೇಡಿ ಎಂದು ಕಂಪನಿ ತನ್ನ ಏಜೆಂಟರಿಗೆ ಹೇಳಿದೆ ಎಂಬ ಸುದ್ದಿಯೂ ಬಂತು. ಜಾಹೀರಾತಿನಿಂದ ಹೋಯಿತು, ಸರಿ. ಗೇಟಿನಲ್ಲಿ ಬಾಯಿಮಾತಿನಲ್ಲಿ ಕೇಳುವುದನ್ನು ಯಾರು ನೋಡುತ್ತಾರೆ?

ಮಾಲೀಕರ ಮಾತನ್ನೂ ಕೇಳಬೇಕು. ಹೆರಿಗೆ ಭತ್ಯೆ ಕಾಯಿದೆ ಬಂದದ್ದು 1961ರಲ್ಲಿ. 2017ರ ತಿದ್ದುಪಡಿಯಲ್ಲಿ ಸಂಬಳ ಸಹಿತ ರಜೆ 12 ವಾರದಿಂದ 26 ವಾರಕ್ಕೆ ಏರಿತು. ಒಳ್ಳೆಯದಾಯಿತು. ನನಗೂ ಅದರಿಂದ ಅನುಕೂಲವಾಗಿದೆ. ಆದರೆ ಆ ಸಂಬಳ ಕೊಡುವವರು ಯಾರು? ತಿಂಗಳ ಸಂಬಳ 21,000 ರೂಪಾಯಿಯೊಳಗಿದ್ದು ಇಎಸ್‌ಐ (ನೌಕರರ ರಾಜ್ಯ ವಿಮೆ) ಇದ್ದವರಿಗೆ ಇಎಸ್‌ಐ ಕೊಡುತ್ತದೆ. ಅದಕ್ಕಿಂತ ಮೇಲಿನವರಿಗೆ ಪೂರ್ತಿ ಹೊರೆ ಕಂಪನಿಯದೇ. ಹತ್ತು ಹದಿನೈದು ಜನ ಇರುವ ಆಡಿಟರ್ ಆಫೀಸಿಗೆ ಆರು ತಿಂಗಳ ಸಂಬಳ, ಜೊತೆಗೆ ಆ ಜಾಗಕ್ಕೆ ಇನ್ನೊಬ್ಬರು ಅಂದರೆ ಸಣ್ಣ ಮಾತಲ್ಲ. ಲೆಕ್ಕ ಬರೆಯುವವಳಾಗಿ ಇದು ನನಗೆ ಅರ್ಥವಾಗುತ್ತದೆ. ಇಎಸ್‌ಐನಲ್ಲಿರುವ ಹಾಗೆ ಈ ಹಣ ಎಲ್ಲರೂ ಸೇರಿ ತುಂಬುವ ನಿಧಿಯಿಂದ ಬರಬೇಕು, ಸರ್ಕಾರವೂ ಅದಕ್ಕೆ ಹಣ ಹಾಕಬೇಕು. ಗಂಡಸು ನೌಕರರಿಗಾಗಿಯೂ ಕಂಪನಿ ಅಷ್ಟೇ ತುಂಬುವಂತಾದರೆ ಹೆಂಗಸನ್ನು ಬಿಟ್ಟು ಉಳಿಸುವುದಕ್ಕೆ ಏನೂ ಇರುವುದಿಲ್ಲ. ಇದನ್ನು ಮಾಡದೆ ರಜೆ ಮಾತ್ರ ಹೆಚ್ಚಿಸಿದ್ದರಿಂದ ಮಗು ಬೇಕು ಅನ್ನುವ ಹುಡುಗಿಯೇ ಇಂಟರ್‌ವ್ಯೂನಲ್ಲಿ ಬೆಲೆ ತೆರುತ್ತಿದ್ದಾಳೆ. 2025ರ ಅಕ್ಟೋಬರ್‌ನಲ್ಲಿ ನಮ್ಮ ರಾಜ್ಯದ ಸಚಿವ ಸಂಪುಟ ತಿಂಗಳಿಗೊಂದು ದಿನ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಾಗಲೂ ಆಫೀಸುಗಳಲ್ಲಿ ಮೊದಲು ಕೇಳಿಬಂದ ಮಾತು "ಇನ್ನು ಹೆಂಗಸರನ್ನ ತಗೊಳ್ಳೋಕೆ ಯೋಚನೆ ಮಾಡಬೇಕು" ಅಂತಲೇ. ರಜೆ ತಪ್ಪು ಅಂತ ನಾನು ಹೇಳುತ್ತಿಲ್ಲ. ಆ ಮಾತನ್ನು ಅಷ್ಟು ಸಲೀಸಾಗಿ ಆಡಬಹುದು ಅನ್ನುವುದು ನನಗೆ ಸಿಟ್ಟು ತರಿಸುತ್ತದೆ.

ಮದುವೆ, ಮಗು ವಿಚಾರಕ್ಕೆ ಇಷ್ಟಾದರೂ ಸುದ್ದಿಯಾಗುತ್ತದೆ. ಇದಕ್ಕಿಂತ ಮೃದುವಾಗಿ ಕೇಳುವ, ಇದಕ್ಕಿಂತ ಆಳಕ್ಕೆ ಕತ್ತರಿಸುವ ಪ್ರಶ್ನೆ ಒಂದಿದೆ. "ನಿಮ್ಮ ಫ್ಯಾಮಿಲಿ ಬ್ಯಾಕ್‌ಗ್ರೌಂಡ್ ಹೇಳಿ."

ಸಾಫ್ಟ್‌ವೇರ್ ಕಂಪನಿಯಿಂದ ಹಿಡಿದು ಚಿಟ್ ಫಂಡ್ ಆಫೀಸಿನವರೆಗೂ ಇದನ್ನು ಕೇಳುತ್ತಾರೆ. ತಂದೆ ಏನು ಮಾಡ್ತಾರೆ, ಊರಲ್ಲಿ ಮನೆ ಎಲ್ಲಿ, ಅಣ್ಣ ತಮ್ಮ ಎಲ್ಲಿದ್ದಾರೆ. ಕೇಳುವವರಿಗೆ ಇದು ಸೌಜನ್ಯ. ಸಮಾಜಶಾಸ್ತ್ರಜ್ಞರಾದ ಸುರಿಂದರ್ ಜೋಧ್ಕಾ ಮತ್ತು ಕ್ಯಾಥರೀನ್ ನ್ಯೂಮನ್ ದೆಹಲಿಯ ದೊಡ್ಡ ಕಂಪನಿಗಳ ಎಚ್‌ಆರ್ ಮ್ಯಾನೇಜರುಗಳ ಜೊತೆ ಮಾತಾಡಿ 2007ರಲ್ಲಿ ಒಂದು ಲೇಖನ ಪ್ರಕಟಿಸಿದರು. ನಾವು ಪ್ರತಿಭೆ ಮಾತ್ರ ನೋಡುತ್ತೇವೆ ಎಂದ ಅದೇ ಮ್ಯಾನೇಜರುಗಳು, ಮನೆತನ ಕೇಳದೆ ಕೆಲಸ ಕೊಡಲಾಗುವುದಿಲ್ಲ ಎಂದೂ ಹೇಳಿದ್ದರು. ಒಳ್ಳೆಯ ಮನೆಯಿಂದ ಬಂದವರಿಗೆ ಒಳ್ಳೆಯ ನಡತೆ ಇರುತ್ತದೆ ಎಂಬುದು ಅವರ ನಂಬಿಕೆ. ಅಪ್ಪ ಮೇಷ್ಟ್ರೋ ಬ್ಯಾಂಕ್ ಮ್ಯಾನೇಜರೋ ಆಗಿದ್ದರೆ ಉತ್ತರ ಸುಲಭ. ಅಪ್ಪ ಪೌರಕಾರ್ಮಿಕ, ಅಮ್ಮ ಕೂಲಿಗೆ ಹೋಗುತ್ತಾರೆ ಅನ್ನುವ ಹುಡುಗ ಆ ಮೇಜಿನ ಮುಂದೆ ಏನು ಹೇಳಬೇಕು? ಅವನು ಓದಿ ಆ ಕುರ್ಚಿಯವರೆಗೆ ಬಂದದ್ದೇ ದೊಡ್ಡ ಅರ್ಹತೆ ಅಲ್ವಾ? ಅವನ ಮನೆಯ ವಿವರ ಕೇಳಿದವರು ಅದನ್ನು ಅರ್ಹತೆಯಾಗಿ ಬರೆದುಕೊಂಡದ್ದನ್ನು ನಾನು ನೋಡಿಲ್ಲ.

ನಮ್ಮಲ್ಲಿ ಹೆಸರೇ ಅರ್ಧ ಉತ್ತರ ಕೊಟ್ಟುಬಿಡುತ್ತದೆ. ಉತ್ತರ ಕರ್ನಾಟಕದ ಕಡೆ ಬಡಿಗೇರ, ಕುಂಬಾರ, ಹಡಪದ, ಮಾದರ ಎಂದು ಅಡ್ಡಹೆಸರು ಇರುತ್ತದೆ. ಕುಲಕರ್ಣಿ, ಪಾಟೀಲ ಅಂತಲೂ ಇರುತ್ತದೆ. ರೆಸ್ಯೂಮೆಯ ಮೊದಲ ಸಾಲಿನಲ್ಲೇ ಜಾತಿ ಕಾಣಿಸುತ್ತದೆ, ಅಥವಾ ಕಂಡಿತು ಅಂತ ಓದುವವರು ಅಂದುಕೊಳ್ಳುತ್ತಾರೆ. ಹಳೇ ಮೈಸೂರಿನ ಕಡೆ ಬರೀ ಇನಿಷಿಯಲ್ ಇರುತ್ತದಾದ್ದರಿಂದ "ಕೆ ಅಂದರೆ ಏನು?" ಅಂತ ಕೇಳುತ್ತಾರೆ. ಅದು ಕೋಲಾರವೋ ಕೆಂಪಯ್ಯನೋ ಎಂದು ತಿಳಿದುಕೊಂಡು ಲೆಡ್ಜರ್ ಬರೆಸುವವರಿಗೆ ಏನಾಗಬೇಕು? ಅದರಿಂದ ಆಗದಿದ್ದರೆ ಊಟದ ಮಾತು ಬರುತ್ತದೆ. "ವೆಜ್ಜಾ, ನಾನ್‌ವೆಜ್ಜಾ? ಕ್ಯಾಂಟೀನ್ ವಿಚಾರಕ್ಕೆ ಕೇಳಿದ್ದು ಅಷ್ಟೇ." ಮುಸ್ಲಿಂ ಹುಡುಗರಿಗೆ ಇಷ್ಟು ಸುತ್ತು ಬಳಸು ದಾರಿಯೂ ಇಲ್ಲ. ಹೆಸರು ನೋಡಿದ ಮೇಲೆ ಎಷ್ಟೋ ಸಲ ಕರೆಯೇ ಬರುವುದಿಲ್ಲ.

ಇದು ನನ್ನ ಊಹೆಯಲ್ಲ. ಸುಖದೇವ್ ಥೋರಟ್ ಮತ್ತು ಪಾಲ್ ಆಟ್‌ವೆಲ್ ಎಂಬ ಸಂಶೋಧಕರು ಪತ್ರಿಕೆಗಳಲ್ಲಿ ಬಂದ ಖಾಸಗಿ ಕೆಲಸದ ಜಾಹೀರಾತುಗಳಿಗೆ ಅರ್ಜಿ ಕಳಿಸಿ ನೋಡಿದರು. ಓದು, ಅನುಭವ ಎಲ್ಲ ಒಂದೇ ಮಟ್ಟದ್ದು. ಹೆಸರು ಮಾತ್ರ ಬೇರೆ: ಮೇಲ್ಜಾತಿ ಹಿಂದೂ, ದಲಿತ, ಮುಸ್ಲಿಂ. 548 ಜಾಹೀರಾತುಗಳಿಗೆ 4,808 ಅರ್ಜಿ ಹೋದವು. ಮುಂದಿನ ಹಂತಕ್ಕೆ ಕರೆ ಬರುವ ಸಾಧ್ಯತೆಯನ್ನು ಮೇಲ್ಜಾತಿ ಹೆಸರಿಗೆ 1 ಎಂದು ಇಟ್ಟುಕೊಂಡರೆ ದಲಿತ ಹೆಸರಿಗೆ ಅದು 0.67, ಮುಸ್ಲಿಂ ಹೆಸರಿಗೆ 0.33 ಬಂತು. 2007ರಲ್ಲಿ ಪ್ರಕಟವಾದ ಲೆಕ್ಕ ಇದು. ಇನ್ನೂ ಯಾರೂ ಯಾರ ಮುಖವನ್ನೂ ನೋಡಿರಲಿಲ್ಲ ಅನ್ನುವುದನ್ನು ಗಮನಿಸಿ.

ಜಾಹೀರಾತಿನ ಷರತ್ತುಗಳ ಬಗ್ಗೆಯೂ ಹೇಳಬೇಕು. "ಹುಡುಗಿಯರು ಬೇಕಾಗಿದ್ದಾರೆ, 18ರಿಂದ 25 ವರ್ಷ, ನೋಡಲು ಲಕ್ಷಣವಾಗಿರಬೇಕು" ಎಂಬ ಬೋರ್ಡು ಬಟ್ಟೆ ಅಂಗಡಿಯ ಗಾಜಿನ ಮೇಲೆ ಇವತ್ತಿಗೂ ಕಾಣುತ್ತದೆ. ರಿಸೆಪ್ಷನ್ ಕೆಲಸಕ್ಕೆ ಬಣ್ಣ, ಎತ್ತರ ನೋಡುತ್ತಾರೆ. ಇವು ಕೆಟ್ಟವು ಅಂತ ಎಲ್ಲರಿಗೂ ಗೊತ್ತು. ಮೇಲ್ನೋಟಕ್ಕೆ ಸಭ್ಯವಾಗಿ ಕಾಣುವ ಷರತ್ತು ಇನ್ನೊಂದಿದೆ: ಎಸ್ಸೆಸ್ಸೆಲ್ಸಿ, ಪಿಯುಸಿ, ಡಿಗ್ರಿ ಮೂರರಲ್ಲೂ 60 ಪರ್ಸೆಂಟ್, ನಡುವೆ ಗ್ಯಾಪ್ ಇರಬಾರದು. ಹಳ್ಳಿ ಶಾಲೆಯಲ್ಲಿ ಕನ್ನಡ ಮೀಡಿಯಂನಲ್ಲಿ ಓದಿ, ಪಿಯುಸಿ ಸೈನ್ಸ್‌ನಲ್ಲಿ ದಿಢೀರ್ ಇಂಗ್ಲಿಷಿಗೆ ಬಿದ್ದು, ಮೊದಲ ವರ್ಷ ಏನೂ ಅರ್ಥವಾಗದೆ 55 ಪರ್ಸೆಂಟ್ ತೆಗೆದ ಎಷ್ಟೋ ಮಕ್ಕಳಿದ್ದಾರೆ. ಆಮೇಲೆ ಇಂಜಿನಿಯರಿಂಗ್‌ನಲ್ಲಿ 80 ತೆಗೆದಿರುತ್ತಾರೆ. ಕಂಪ್ಯೂಟರ್ ಅವರ ಅರ್ಜಿಯನ್ನು ಮನುಷ್ಯರ ಕಣ್ಣಿಗೆ ಬೀಳದ ಹಾಗೆ ಪಕ್ಕಕ್ಕೆ ಸರಿಸುತ್ತದೆ. ಅಪ್ಪನಿಗೆ ಕಾಯಿಲೆಯಾಗಿ ಒಂದು ವರ್ಷ ಓದು ಬಿಟ್ಟವಳ ಕಥೆಯೂ ಇದೇ. ಹದಿನೇಳನೇ ವಯಸ್ಸಿನ ಅಂಕಕ್ಕೂ ಇಪ್ಪತ್ತೆರಡರಲ್ಲಿ ಬರೆಯುವ ಕೋಡಿಗೂ ಏನು ಸಂಬಂಧ ಎಂದು ಕೇಳಿದರೆ "ಜನ ಜಾಸ್ತಿ, ಸೋಸಲು ಏನಾದರೂ ಬೇಕಲ್ಲ" ಅನ್ನುತ್ತಾರೆ. ಸೋಸುವಾಗ ಯಾರು ಕೆಳಗೆ ಬೀಳುತ್ತಾರೆ ಅನ್ನುವುದನ್ನು ನೋಡಲು ಅವರಿಗೆ ಪುರುಸೊತ್ತಿಲ್ಲ.

ಎಲ್ಲ ಷರತ್ತೂ ತಪ್ಪು ಅಂತ ಅಲ್ಲ. ಹಳ್ಳಿಯ ಬ್ಯಾಂಕಿನ ಕೌಂಟರಿನಲ್ಲಿ ಕೂರುವವರಿಗೆ ಕನ್ನಡ ಬರಬೇಕು. ಬರದಿದ್ದರೆ ಪಾಸ್‌ಬುಕ್ ಹಿಡಿದು ಬಂದ ಅಜ್ಜಿ ಏನು ಮಾಡಬೇಕು? ಆಂಬುಲೆನ್ಸ್ ಓಡಿಸುವವರ ಕಣ್ಣು ಚೆನ್ನಾಗಿರಬೇಕು. ಆ ಕೆಲಸಕ್ಕೆ ಅದು ಬೇಕೇ ಬೇಕು ಅಂತ ತೋರಿಸಲು ಆಗುವುದಾದರೆ ಬರೆದು ಹಾಕಲಿ. ಎಲ್ಲರಿಗೂ ಒಂದೇ ಥರ ಹಾಕಲಿ.

ಕಾನೂನು ಏನು ಹೇಳುತ್ತದೆ? ಸಂವಿಧಾನದ 16ನೇ ವಿಧಿ ಸರ್ಕಾರಿ ನೌಕರಿಯಲ್ಲಿ ಧರ್ಮ, ಜಾತಿ, ಲಿಂಗ, ಹುಟ್ಟಿದ ಜಾಗ ನೋಡಿ ತಾರತಮ್ಯ ಮಾಡಬಾರದು ಎನ್ನುತ್ತದೆ. ಖಾಸಗಿ ಕಂಪನಿಗೆ ಅದು ತಾಗುವುದಿಲ್ಲ. 1976ರ ಸಮಾನ ವೇತನ ಕಾಯಿದೆಯಲ್ಲಿ ನೇಮಕದಲ್ಲೂ ಹೆಂಗಸರಿಗೆ ತಾರತಮ್ಯ ಮಾಡಬಾರದು ಎಂದಿತ್ತು. ಅದರ ಜಾಗಕ್ಕೆ ಬಂದ 2019ರ ವೇತನ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ, ಅದರಲ್ಲೂ ಆ ಮಾತಿದೆ. ಎಚ್‌ಐವಿ ಪರೀಕ್ಷೆ ಮಾಡಿಸಿಕೊಂಡು ಬಂದರೆ ಮಾತ್ರ ಕೆಲಸ ಅನ್ನುವಂತಿಲ್ಲ ಎಂದು 2017ರ ಕಾಯಿದೆ, ಟ್ರಾನ್ಸ್‌ಜೆಂಡರ್ ಜನರನ್ನು ನೇಮಕದಲ್ಲಿ ದೂರ ಇಡುವಂತಿಲ್ಲ ಎಂದು 2019ರ ಕಾಯಿದೆ ಹೇಳುತ್ತವೆ. ಆದರೆ ಖಾಸಗಿ ನೇಮಕಾತಿಯಲ್ಲಿ ಜಾತಿ, ಧರ್ಮ ನೋಡಬಾರದು ಎಂದು ನೇರವಾಗಿ ಹೇಳುವ ಒಂದು ಸಾಮಾನ್ಯ ಕಾನೂನು ನಮ್ಮಲ್ಲಿಲ್ಲ. ಇರುವ ಕಾನೂನುಗಳೂ ಹೆಚ್ಚಾಗಿ ತಾರತಮ್ಯವನ್ನು ತಡೆಯುತ್ತವೆ, ಪ್ರಶ್ನೆಯನ್ನು ತಡೆಯುವುದಿಲ್ಲ. ಬ್ರಿಟನ್ನಿನ 2010ರ ಸಮಾನತೆ ಕಾಯಿದೆ ಆರೋಗ್ಯದ ವಿಚಾರದಲ್ಲಿ ಬೇರೆ ದಾರಿ ಹಿಡಿದಿದೆ. ಕೆಲವು ಅಗತ್ಯದ ಸಂದರ್ಭ ಬಿಟ್ಟರೆ, ಕೆಲಸ ಕೊಡುತ್ತೇವೆ ಎಂದು ಹೇಳುವ ಮೊದಲು ಅಭ್ಯರ್ಥಿಯ ಆರೋಗ್ಯದ ಬಗ್ಗೆ ಕೇಳುವಂತೆಯೇ ಇಲ್ಲ. ನೀರಾ ಮಾಥುರ್ ತೀರ್ಪಿನ ದಾರಿಯೂ ಇದೇ ಆಗಿತ್ತು. ನಾವು ಅದನ್ನು ಒಂದು ಸಂಸ್ಥೆಯ ಒಂದು ಪತ್ರಕ್ಕೆ ಬಿಟ್ಟು ಮುಂದೆ ಹೋದೆವು.

ಹುಡುಗಿಯರಿಗೆ ಸಲಹೆ ಕೊಡುವವರು ಬಹಳ ಜನ. ನಗುತ್ತಾ ಮಾತು ತಿರುಗಿಸಿ, "ನನ್ನ ಗಮನ ಕೆರಿಯರ್ ಮೇಲಿದೆ" ಅನ್ನಿ, ಉಂಗುರ ಬಿಚ್ಚಿಟ್ಟು ಹೋಗಿ. ತಾಳಿಯನ್ನು ಚೂಡಿದಾರದ ಒಳಗೆ ಸರಿಸಿಕೊಂಡು ಇಂಟರ್‌ವ್ಯೂ ಕೋಣೆಗೆ ಹೋದ ಗೆಳತಿಯರು ನನಗಿದ್ದಾರೆ. ಅಡ್ಡಹೆಸರಿನ ಬದಲು ಅಪ್ಪನ ಹೆಸರಿನ ಮೊದಲಕ್ಷರ ಹಾಕಿಕೊಂಡ ಹುಡುಗರೂ ಗೊತ್ತು. ಅವರು ಮಾಡಿದ್ದನ್ನು ನಾನು ತಪ್ಪು ಅನ್ನುವುದಿಲ್ಲ, ಹೊಟ್ಟೆಪಾಡು. ಆದರೆ ಈ ಜಾಣತನವನ್ನೆಲ್ಲ ಅವರೇ ಯಾಕೆ ಕಲಿಯಬೇಕು? ಕೇಳುವವರು ಒಂದು ಹಾಳೆ ತೆಗೆದುಕೊಂಡು ಕೂತರೆ ಅರ್ಧ ಸಮಸ್ಯೆ ಅಲ್ಲೇ ತೀರುತ್ತದೆ.

ಈಗ ನಾನು ಕೆಲಸ ಮಾಡುವ ಕಡೆ ಹೊಸಬರನ್ನು ತೆಗೆದುಕೊಳ್ಳುವಾಗ ನನ್ನನ್ನೂ ಕೂರಿಸುತ್ತಾರೆ. ಒಪ್ಪಿಕೊಳ್ಳುವ ಮೊದಲು ನಾನು ಕೇಳಿದ್ದು ಆ ಹಾಳೆಯನ್ನೇ. ಪ್ರಶ್ನೆಗಳನ್ನು ಮೊದಲೇ ಬರೆಯುತ್ತೇವೆ. ಎಲ್ಲರಿಗೂ ಅವೇ ಪ್ರಶ್ನೆ. ಯಾರನ್ನು ಯಾಕೆ ಬಿಟ್ಟೆವು ಎಂದು ಎರಡು ಸಾಲು ಬರೆದು ಸಹಿ ಹಾಕುತ್ತೇವೆ. ಬರೆಯಬೇಕು ಅಂದ ಮೇಲೆ "ಮಗು ಚಿಕ್ಕದು" ಅಂತ ಯಾರ ಕೈಯೂ ಬರೆಯುವುದಿಲ್ಲ.

ಮೊದಲ ಸಲ ಪಟ್ಟಿ ಮಾಡುವಾಗ ನಮ್ಮ ಮ್ಯಾನೇಜರ್ ಒಂದು ಮಾತು ಹೇಳಿದರು. ಮಾರ್ಚ್ ಕೊನೆಯಲ್ಲಿ ಲೆಕ್ಕ ಮುಗಿಸುವಾಗ ರಾತ್ರಿ ಹತ್ತರವರೆಗೂ ಕೂರಬೇಕಾಗುತ್ತದೆ, ಮನೆ ಪರಿಸ್ಥಿತಿ ತಿಳಿಯದೆ ಹೇಗೆ ಅಂತ. ಅವರ ಚಿಂತೆ ನಿಜವೇ. ಹಾಗಾಗಿ ಪ್ರಶ್ನೆಯನ್ನು ಹೀಗೆ ಬರೆದೆವು: "ವರ್ಷದ ಕೊನೆಯ ಎರಡು ವಾರ ರಾತ್ರಿ ಹತ್ತರವರೆಗೆ ಕೆಲಸ ಇರುತ್ತದೆ, ಮನೆಗೆ ಕ್ಯಾಬ್ ಕೊಡುತ್ತೇವೆ. ನಿಮಗೆ ಆಗುತ್ತದಾ?" ಗಂಡಸರಿಗೂ ಇದನ್ನೇ ಕೇಳಿದೆವು. ಚಿಕ್ಕ ಮಗು ಇದ್ದ ಒಬ್ಬಾಕೆ ಆಗುತ್ತದೆ ಅಂದರು. ಮಗುವಿನ ವಿಚಾರ ನಮಗೆ ಗೊತ್ತಾದದ್ದು ಅವರು ಸೇರಿದ ಎಷ್ಟೋ ದಿನದ ಮೇಲೆ. ಆಗುವುದಿಲ್ಲ ಅಂದವನು ಒಬ್ಬ ಹುಡುಗ. ಅವನ ತಂದೆಗೆ ಡಯಾಲಿಸಿಸ್ ನಡೆಯುತ್ತಿತ್ತು, ಸಂಜೆ ಕರೆದುಕೊಂಡು ಹೋಗಲು ಅವನೊಬ್ಬನೇ. ಅವನನ್ನೂ ತೆಗೆದುಕೊಂಡೆವು. ಆ ಎರಡು ವಾರ ಅವನು ಬೆಳಗ್ಗೆ ಏಳಕ್ಕೆ ಬರುತ್ತಾನೆ.

60 ಪರ್ಸೆಂಟ್ ಷರತ್ತು ಮಾತ್ರ ನಮ್ಮ ಜಾಹೀರಾತಿನಲ್ಲಿ ಇನ್ನೂ ಇದೆ. ಅದನ್ನು ತೆಗೆಯಲು ಡೈರೆಕ್ಟರು ಒಪ್ಪಿಲ್ಲ. ಮುಂದಿನ ನೇಮಕಾತಿಗೆ ಜಾಹೀರಾತು ಹೋಗುವ ಮೊದಲು ಮತ್ತೆ ಕೇಳುತ್ತೇನೆ.